ಉಪಗ್ರಹಕ್ಕೆ ಲೈಟು ಹೊಡೆದವಳು

ನನ್ನ ತಮ್ಮನ ಮಗಳು ವಿಮಾನದ ಪೈಲಟ್. ಹೊನ್ನಾಳಿಯಲ್ಲಿ ನನ್ನ ಹತ್ತಿರ ಬ್ಲೌಸ್ ಹೊಲಿಸಲು ಬರುವ ಹೆಂಗಸರಿಗೆಲ್ಲ ಇದನ್ನು ಹೇಳಿದ್ದೇನೆ; ಕೇಳದವರಿಗೂ ಹೇಳಿದ್ದೇನೆ. ನನ್ನ ಜೊತೆಗೇ ಇರುವ ತಮ್ಮ ಚನ್ನಗಿರಿಯಿಂದ ನ್ಯಾಮತಿಗೆ ಓಡುವ ಖಾಸಗಿ ಬಸ್ಸಿನ ಡ್ರೈವರ್. ಜಗಳೂರು ಕಡೆಯ ಸೊಕ್ಕೆಯಿಂದ ಬಂದ ನಮ್ಮ ಮನೆತನದಲ್ಲಿ ಅವನು ಸ್ಟೇರಿಂಗ್ ಹಿಡಿದದ್ದೇ ದೊಡ್ಡ ಸುದ್ದಿಯಾಗಿತ್ತು.

ಆ ಹುಡುಗಿ ಕಳೆದ ವರ್ಷ ರಜೆಗೆ ಬಂದವಳು ಮುಖ ಊದಿಸಿಕೊಂಡು ಕೂತಳು. ಮಂಡಕ್ಕಿ, ಮೆಣಸಿನಕಾಯಿ ಮುಂದಿಟ್ಟು ಹಟ ಹಿಡಿದ ಮೇಲೆ ಬಾಯಿ ಬಿಟ್ಟಳು. ಸಮುದ್ರದ ಮೇಲೆ ಹೋಗುವಾಗ, ಇನ್ನೂ ಬೆಳಗಾಗುವ ಮುಂಚೆ, ಎದುರಿಗೆ ದೂರದಲ್ಲಿ ಬೆಳಕೊಂದು ಹೊಳೆದು ಆರಿತಂತೆ. ಮತ್ತೆ ಹೊಳೆಯಿತಂತೆ. ಮುಂದಿನ ಪರದೆಯಲ್ಲಿ ನೋಡಿದರೆ ಯಾವ ವಿಮಾನವೂ ಇಲ್ಲ.

ಇವಳು ಅಪ್ಪನ ಬಸ್ಸಿನ ಬಾನೆಟ್ಟಿನ ಮೇಲೆ ಕೂತು ಬೆಳೆದವಳು. ನಮ್ಮ ಕಡೆ ಡ್ರೈವರುಗಳ ಪದ್ಧತಿ ಹೀಗೆ: ಎದುರಿನ ಗಾಡಿಯವನು ಲೈಟು ಹೊಡೆದರೆ ಮುಂದೇನೋ ಇದೆ, ಹುಷಾರು ಎಂದರ್ಥ. ತಿಳಿಯಿತು ಎನ್ನಲು ನಾವೂ ಹೊಡೆಯಬೇಕು. ಇವಳು ಹಾಗೇ ವಿಮಾನದ ಲೈಟು ಹೊಡೆದಳು. ಗುರುತು ಸಿಗದ ವಿಮಾನವೊಂದು ಸನ್ನೆ ಮಾಡುತ್ತಿದೆ ಎಂದು ರೇಡಿಯೋದಲ್ಲಿ ಕೆಳಗಿನವರಿಗೂ ತಿಳಿಸಿದಳು.

ಇಳಿದ ಮೇಲೆ ಗೊತ್ತಾಯಿತು, ಅವು ಉಪಗ್ರಹಗಳು. ಇಂಟರ್ನೆಟ್ಟಿಗೆಂದು ಹಿಂಡುಹಿಂಡಾಗಿ ಬಿಟ್ಟಿರುವಂಥವು. ನಮಗಿನ್ನೂ ಕಾಣದ ಸೂರ್ಯನ ಬೆಳಕು ಅವುಗಳ ಮೈಮೇಲೆ ಬಿದ್ದು ಹಾಗೆ ಮಿಂಚುತ್ತವಂತೆ. ಎಂಥೆಂಥ ಹಿರಿಯ ಪೈಲಟ್ಟುಗಳೇ ಅವನ್ನು ನೋಡಿ ಮೋಸಹೋಗಿದ್ದಾರಂತೆ. ಆದರೆ ಅವಕ್ಕೆ ತಿರುಗಿ ಲೈಟು ಹೊಡೆದವಳು ನಮ್ಮವಳೊಬ್ಬಳೇ. ಆಡಿಕೊಳ್ಳುವವರ ಮುಂದೆ ಎಡವಿ ಬಿದ್ದ ಹಾಗಾಯಿತು. ಜೊತೆಯವರು 'ಬಸ್ ಡ್ರೈವರ್' ಎಂದು ಹೆಸರಿಟ್ಟರು. ಅವರ ಬಾಯಿಗೆ ಮಣ್ಣು ಬೀಳಲಿ.

"ಇನ್ಮೇಲೆ ಏನು ಕಂಡ್ರೂ ನಾನು ಬಾಯಿ ಬಿಡಲ್ಲ ಅತ್ತೆ," ಅಂದಳು.

ಬೆನ್ನ ಹಿಂದೆ ಅಷ್ಟು ಜನರನ್ನು ಕೂರಿಸಿಕೊಂಡು ಹಾರುವವಳು ಆಡುವ ಮಾತೇ ಇದು? ಬಾಯಿಗೆ ಬಂದ ಹಾಗೆ ಬೈದೆ. ಅವಳು ಮತ್ತಷ್ಟು ಬಿಗಿಯಾದಳು.

ಡ್ಯೂಟಿ ಮುಗಿಸಿ ಬಂದ ತಮ್ಮ ಬಾಗಿಲಲ್ಲೇ ನಿಂತು ಎಲ್ಲ ಕೇಳಿಸಿಕೊಂಡಿದ್ದ. ತನ್ನ ಕಸುಬೇ ಮಗಳಿಗೆ ಬೈಗುಳವಾಯಿತಲ್ಲ ಎಂದು ನೊಂದಿರಬೇಕು ಅಂದುಕೊಂಡೆ. ಅವನು ಹೇಳಿದ್ದೇ ಬೇರೆ. ಹಿಂದೊಂದು ಸುಗ್ಗಿಯಲ್ಲಿ ಸೂರಗೊಂಡನಕೊಪ್ಪದ ದೀಪಗಳನ್ನು ದೂರದಿಂದ ನೋಡಿ, ಎದುರು ಬರುವ ಲಾರಿಯೆಂದು ಲೈಟು ಹೊಡೆಯುತ್ತಲೇ ಹೋಗಿದ್ದನಂತೆ. ಕಂಡಕ್ಟರನಿಂದ ಹಿಡಿದು ದಿನಾ ಓಡಾಡುವವರೆಲ್ಲ ಆಡಿಕೊಂಡು ನಕ್ಕಿದ್ದರು. ಅದೇ ಸುಗ್ಗಿಯಲ್ಲಿ ಒಂದು ಮುಸ್ಸಂಜೆ, ಸಾಸ್ವೆಹಳ್ಳಿ ಹತ್ತಿರ ಯಾರೋ ಗಾಡಿಗಳ ಚಕ್ರಕ್ಕೆ ಸಿಕ್ಕಿ ಒಕ್ಕಣೆಯಾಗಲಿ ಎಂದು ರಸ್ತೆಗೆ ಹುರುಳಿ ಹರಡಿ, ಸುತ್ತ ಕಲ್ಲಿಟ್ಟಿದ್ದರು. ತಮ್ಮ ಅದನ್ನು ದಾಟಿ ಬಂದ ಸ್ವಲ್ಪ ಹೊತ್ತಿಗೆ ಎದುರಿನಿಂದ ಬೈಕೊಂದು ಜೋರಾಗಿ ಬಂತು. ಎಚ್ಚರಿಸಲು ಕೈ ಲೈಟಿನ ಸ್ವಿಚ್ಚಿನ ಮೇಲೆ ಹೋಯಿತಂತೆ.

"ಮತ್ತೆ ನಗ್ತಾರೆ ಅಂತ ಸುಮ್ನಾದೆ ತಾಯಿ. ಆ ಮನುಷ್ಯಂದು ಕಲ್ಲಿಗೆ ಬಡ್ದು ಒಂದು ಕಾಲು ಹೋತು. ನನ್ನ ಯಾರೂ ಬೈಲಿಲ್ಲ. ಬೈಯಾಕೆ ಯಾರಿಗೂ ಗೊತ್ತೇ ಇಲ್ಲ."

ನನ್ನ ಬೆನ್ನಿಗೆ ಬಿದ್ದವನು ಅವನು; ಇಷ್ಟು ವರ್ಷ ನನಗೂ ಹೇಳಿರಲಿಲ್ಲ. ಹೊಟ್ಟೆಯೊಳಗೆ ಕೆಂಡ ಇಟ್ಟುಕೊಂಡು ಹೇಗೆ ಬಸ್ಸು ಓಡಿಸಿದನೋ. ಹುಡುಗಿ ಎದ್ದು ಹೋಗಿ ಅಪ್ಪನ ಕೈಗೆ ನೀರು ಕೊಟ್ಟಳು. ರಜೆ ಮುಗಿಯುವ ಮುಂಚೆಯೇ ಕೆಲಸಕ್ಕೆ ಹೊರಟಳು.

ಈ ಯುಗಾದಿ ಕಳೆದ ಮೇಲೆ ಅವಳ ಫೋನು ಬಂತು. ಮತ್ತೆ ಬೆಳಕು ಕಂಡಿತ್ತಂತೆ. ಪಕ್ಕದಲ್ಲಿದ್ದ ಕ್ಯಾಪ್ಟನ್ ಸುಮ್ಮನಿರು ಎಂದರೂ ಕೇಳದೆ ಕೆಳಗೆ ತಿಳಿಸಿದಳಂತೆ. ಅದೂ ಉಪಗ್ರಹವೇ. ಈ ಸಲವೂ ಎಲ್ಲರೂ ನಕ್ಕರಂತೆ.

ಊಟಕ್ಕೆ ಕೂತಿದ್ದ ತಮ್ಮನಿಗೆ ಹೇಗೆ ಹೇಳುವುದೆಂದು ಹಿಂದೆಮುಂದೆ ನೋಡಿ, ಕೊನೆಗೆ ಹೇಳಿಯೇಬಿಟ್ಟೆ: ಪಾಪ, ನಿನ್ನ ಮಗಳು ಮತ್ತೆ ತಪ್ಪಿದಳು.

"ತಪ್ಪಲಿ ಬಿಡಕ್ಕ. ಹೇಳಿದ್ಲಲ್ಲ," ಅಂದ. ಅಳುತ್ತಲೇ ಇನ್ನೊಂದು ಸಲ ಅನ್ನ ಹಾಕಿಸಿಕೊಂಡ.