ಪರವಾಗಿಲ್ಲಮ್ಮನ ಜಾಕೆಟ್

ಆ ಠಾಣೆಗೆ ಅವಳೊಬ್ಬಳೇ ಹೆಣ್ಣು ಪೇದೆ. ಎಲ್ಲರ ಬಾಯಲ್ಲೂ ಪರವಾಗಿಲ್ಲಮ್ಮ. ಕಾಲು ಮುರಿದ ಕುರ್ಚಿ ಕೊಟ್ಟರೂ ಪರವಾಗಿಲ್ಲ, ರಜೆ ರದ್ದಾದರೂ ಪರವಾಗಿಲ್ಲ. ಮನೆಯಲ್ಲೂ ಅಷ್ಟೇ, ಪಾತ್ರೆಯ ತಳದ ಸೀದ ಅನ್ನ ದಾರಿ ಕೇಳದೆ ಅವಳ ತಟ್ಟೆಗೆ ಬರುತ್ತಿತ್ತು.

ಪಿಸ್ತೂಲು ಹಿಡಿದ ಕಳ್ಳರ ಹಾವಳಿ ಹೆಚ್ಚಿತ್ತು. ಪಕ್ಕೆಗೆ ಗುಂಡು ತಗುಲಿದ ಪೇದೆಯೊಬ್ಬ ಇನ್ನೂ ಆಸ್ಪತ್ರೆಯಲ್ಲಿದ್ದ. ಕೊನೆಗೆ ಗುಂಡು ತಡೆಯುವ ಜಾಕೆಟ್ ಕೊಳ್ಳುವುದೆಂದಾಗಿ, ಮಾದರಿಗೆ ಎರಡು ಬಗೆ ಬಂದವು. ಉಕ್ಕಿನ ಹಲಗೆಯದು ರೈಫಲ್ ಗುಂಡನ್ನೂ ತಡೆಯುತ್ತಿತ್ತು. ಆದರೆ ತೊಟ್ಟು ಮೆಟ್ಟಿಲು ಹತ್ತಿದ ಗಂಡಸರೆಲ್ಲ ಏದುಸಿರು ಬಿಟ್ಟರು.

"ಇದನ್ನ ಯಾರು ಹಾಕ್ಕೋತಾರೆ? ಮೊಳೆಗೆ ನೇತುಹಾಕ್ತಾರೆ, ಗೋಡೆ ಬದುಕುತ್ತೆ ಅಷ್ಟೆ," ಎಂದು ಇನ್‌ಸ್ಪೆಕ್ಟರ್ ಹಗುರದ್ದನ್ನು ಮೆಚ್ಚಿದರು. ಪಿಸ್ತೂಲಿಗೆ ಅದು ಸಾಕು. ಅವಳ ಕೈಗೂ ಒಂದು ಕೊಟ್ಟರು. "ಮನೇಲೂ ತೊಟ್ಟು ನೋಡಮ್ಮ. ನೀನು ಹೂಂ ಅಂದ್ರೆ ನಾಳೆ ಸಹಿ ಹಾಕ್ತೀನಿ."

"ಪರವಾಗಿಲ್ಲ ಸಾರ್," ಎಂದಳು, ತೊಡುವ ಮೊದಲೇ.

ಬೇರೆ ಪುರುಸೊತ್ತೆಲ್ಲಿ? ಸಂಜೆ ಜಾಕೆಟ್ ತೊಟ್ಟೇ ಅಡುಗೆಗೆ ನಿಂತಳು. "ಒಲೆ ಮೇಲೆ ಯುದ್ಧಾನಾ?" ಎಂದು ಗಂಡ ಟೀವಿ ಮುಂದಿನಿಂದಲೇ ನಕ್ಕ. ಅವಳು ಮೇಲಿನ ಕಪಾಟಿನ ಡಬ್ಬಿಗೆ ಕೈ ಎತ್ತಿದಾಗ, ಸ್ಟೂಲಿನ ಮೇಲೆ ಬೆಳ್ಳುಳ್ಳಿ ಸುಲಿಯುತ್ತಿದ್ದ ಅತ್ತೆಯ ಕಣ್ಣು ಅವಳ ಕಂಕುಳ ಕೆಳಗೆ ನೆಟ್ಟಿತು. ಗಂಡಸಿನ ಎದೆಗೆ ಹೊಲಿದ ಜಾಕೆಟ್ ಮುಂದೆ ಉಬ್ಬಿ, ಪಕ್ಕೆಯಲ್ಲಿ ಬಾಯಿ ಬಿಟ್ಟಿತ್ತು. ಅತ್ತೆ ಸೌಟಿನ ಹಿಡಿಯಿಂದ ಅಲ್ಲಿಗೇ ತಿವಿದರು.

"ಅಯ್ಯೋ ಅತ್ತೆ!"

"ಸೌಟೇ ಹೋಗುತ್ತಲ್ಲೇ, ಗುಂಡಿಗೇನು ದಾಕ್ಷಿಣ್ಯ?"

"ಪರವಾಗಿಲ್ಲ ಬಿಡಿ, ಕೈ ಎತ್ತಿದಾಗ ಮಾತ್ರ..."

"ಪಿಸ್ತೂಲು ಹಿಡಿಯೋವಾಗ ಕೈ ಜೇಬಲ್ಲಿ ಇಟ್ಕೋತೀಯಾ? ನಾನೂ ಪರವಾಗಿಲ್ಲ ಅಂದೂ ಅಂದೂ ಮಂಡಿ ಸವೆಸ್ಕೊಂಡೆ. ಮಂಡಿ ಹೋದ್ರೆ ಕೂತಾದ್ರೂ ಇರಬಹುದು. ನೀನು ಹೋದ್ರೆ?" ಅತ್ತೆ ಸೌಟು ಕೆಳಗಿಟ್ಟರು. ಕೂಡಲೇ, "ಡಬ್ಬಿ ಇಳಿಸೋರ್ಯಾರು?" ಎಂದು ಮತ್ತೆ ಬೆಳ್ಳುಳ್ಳಿಗೆ ಬಗ್ಗಿದರು. ಹಜಾರದಲ್ಲಿ ಟೀವಿಯ ಸದ್ದು ನಿಂತಿತ್ತು.

ಬೆಳಿಗ್ಗೆ ಇನ್‌ಸ್ಪೆಕ್ಟರ್ ಪೆನ್ನು ತೆರೆದುಕೊಂಡೇ ಕೂತಿದ್ದರು. "ಏನಮ್ಮ, ಪರವಾಗಿಲ್ವಾ?"

ನಾಲಿಗೆ ತುದಿಗೆ ಬಂದ ಮಾತನ್ನು ನುಂಗಿದಳು. "ಪರವಾ ಇದೆ ಸಾರ್." ಒಂದು ಕೈ ಗುರಿ ಹಿಡಿದಂತೆ ಎತ್ತಿ, ಮೇಜಿನ ಮೇಲಿನ ಅಡಿಕೋಲನ್ನು ತಾನೇ ತೊಟ್ಟಿದ್ದ ಜಾಕೆಟ್ಟಿನ ಪಕ್ಕೆಯ ಸಂದಿಗೆ ತೂರಿಸಿದಳು. ಎಲ್ಲೂ ತಡೆಯಲಿಲ್ಲ.

ಅವರು ಪೆನ್ನಿಗೆ ಮುಚ್ಚಳ ಹಾಕಿದರು. "ಹೆಂಗಸರ ಅಳತೆ ತರಿಸೋಕೆ ತಡ ಆಗುತ್ತೆ. ಅಲ್ಲೀತನಕ?"

"ದಾಳಿಗೆ ಜೀಪು ಓಡಿಸ್ತೀನಿ ಸಾರ್. ಬಾಗಿಲು ಒದೆಯೋಕೆ ಮುಂದೆ ನಿಲ್ಲಲ್ಲ."

"ಅರೆ, ಪರವಾಗಿಲ್ವೇ ನೀನು!" ಎಂದರು, ಮೆಚ್ಚಿಯೋ ಬೇಸತ್ತೋ. ಅಂತೂ ಅಳತೆ ಬರೆದುಕೊಂಡರು.

ಅಂದು ಗಂಡನೇ ಬಡಿಸಲು ನಿಂತ. ಅಭ್ಯಾಸಬಲ, ಸೀದ ತಳವನ್ನು ಕೆರೆದು ಅವಳತ್ತಲೇ ಚಾಚಿದ. ಅವಳು ತಟ್ಟೆಯನ್ನು ಹಿಂದಕ್ಕೆ ಎಳೆದುಕೊಂಡಳು.