ಭಾವನ ಕ್ರಾಪು

ನನ್ನ ತಲೆ ಇಪ್ಪತ್ತಮೂರಕ್ಕೇ ಕೈಕೊಟ್ಟಿತು. ಅದನ್ನು ಮೊದಲು ಕಂಡಿದ್ದು ನಾನಲ್ಲ, ಬಸವಾಪಟ್ಟಣದ ಹೈಸ್ಕೂಲಿನ ಹಿಂದಿನ ಬೆಂಚಿನವರು. ಅಲ್ಲಿ ನಾನು ಅತಿಥಿ ಶಿಕ್ಷಕ. ದಿನಾ ಚನ್ನಗಿರಿಯಿಂದ ಬಸ್ಸಿನಲ್ಲಿ ಹೋಗಿ ಗಣಿತ ಹೇಳಿ ಬರುತ್ತಿದ್ದೆ. ಬೋರ್ಡಿನ ಕಡೆ ತಿರುಗಿ ವೃತ್ತ ಬರೆದಾಗಲೆಲ್ಲ ಹಿಂದೆ ಕಿಸಕ್ಕೆನ್ನುವ ಸದ್ದು. ವೃತ್ತದಲ್ಲಿ ನಗುವಂಥದ್ದೇನಿದೆ ಎಂದು ಒಂದು ತಿಂಗಳು ತಲೆ ಕೆಡಿಸಿಕೊಂಡೆ. ಬೋರ್ಡಿನ ಮೇಲೆ ಒಂದು, ನನ್ನ ನೆತ್ತಿಯ ಮೇಲೆ ಇನ್ನೊಂದು ಅಂತ ಆಮೇಲೆ ಗೊತ್ತಾಯಿತು.

ಮಕ್ಕಳ ನಗೆಯನ್ನು ನುಂಗಿಕೊಳ್ಳಬಹುದು. ಜಗಳೂರಿನಲ್ಲಿ ಆದದ್ದನ್ನು ನುಂಗಿಕೊಳ್ಳಲು ಆಗಲಿಲ್ಲ. ಅಲ್ಲಿಗೆ ಹೆಣ್ಣು ನೋಡಲು ಹೋಗಿದ್ದೆವು. ಅಮ್ಮ, ಹೊನ್ನಾಳಿಯಿಂದ ಬಂದ ಅಕ್ಕ, ಅವಳ ಗಂಡ ಮತ್ತು ನಾನು. ಅಪ್ಪ ನಾನು ಚಿಕ್ಕವನಿದ್ದಾಗಲೇ ತೀರಿಕೊಂಡಿದ್ದರಿಂದ ಇಂಥ ಕಡೆಗೆಲ್ಲ ಭಾವನೇ ಹಿರಿಯರು. ಹುಡುಗಿಯ ಅಜ್ಜಿ ಚಹಾ ಲೋಟ ಹಿಡಿದು ಬಂದವರು ನನ್ನನ್ನು ದಾಟಿ, ಭಾವನ ಮುಂದೆ ನಿಂತರು. "ಇವ್ರೇ ಏನ್ರೀ ಹುಡುಗ? ಹುಡುಗ ಲಕ್ಷಣಾಗಿ ಅದಾನೆ ಬಿಡ್ರಿ," ಎಂದರು. ಭಾವನಿಗೆ ಆಗ ಮೂವತ್ತಾರು ವರ್ಷ, ಎರಡು ಮಕ್ಕಳ ತಂದೆ. ಆದರೆ ಅವರ ತಲೆಯ ಮೇಲೆ ದಟ್ಟವಾದ ಕ್ರಾಪು ಇತ್ತು, ಹಣೆಯ ಮೇಲೆ ಒಂದು ಸುರುಳಿ ಬೇರೆ. ಎಲ್ಲರೂ ನಕ್ಕರು, ನಾನೂ ನಕ್ಕೆ. ಒಂದು ವಾರಕ್ಕೆ ಜಾತಕ ಕೂಡಿಬರಲಿಲ್ಲ ಅಂತ ಹೇಳಿ ಕಳಿಸಿದರು. ನಾವು ಜಾತಕ ಕೊಟ್ಟೇ ಇರಲಿಲ್ಲ.

ಆ ದಿನ ವಾಪಸ್ಸು ಬರುವಾಗ ಬಸ್ಸಿನಲ್ಲಿ ಭಾವ ನನ್ನ ಪಕ್ಕ ಕೂತರು. ಅಕ್ಕ ಮತ್ತು ಅಮ್ಮ ಮುಂದಿನ ಸೀಟಿನಲ್ಲಿದ್ದರು.

"ಏನ್ ಮೇಷ್ಟ್ರೇ, ಅಜ್ಜಿ ಮಾತು ಮನಸ್ಸಿಗೆ ಹಚ್ಕೊಂಡ್ರಾ?"

ನಾನು ಕಿಟಕಿಯ ಕಡೆ ಮುಖ ತಿರುಗಿಸಿದೆ.

"ನೋಡಿಲ್ಲಿ," ಅಂತ ತಮ್ಮ ಕೂದಲಲ್ಲಿ ಬೆರಳಾಡಿಸಿದರು. "ನಿಮ್ಮಕ್ಕನ್ನ ಮದ್ವೆ ಆದಾಗ ನನ್ ತಲೆ ಹೆಂಗಿತ್ತು, ನೆನಪೈತಾ? ಎಲ್ಲಾ ದಾವಣಗೇರಿ ಆಸ್ಪತ್ರೇಲಿ ನೆಡಿಸಿದ್ದು. ಒಂದೇ ದಿನದ ಕೆಲಸ. ನೀನೂ ಮಾಡ್ಸು. ನಾ ಕರ್ಕೊಂಡು ಹೋಗ್ತೀನಿ."

ಮದುವೆಯಲ್ಲಿ ಬಾಸಿಂಗದ ಕೆಳಗೆ ಮಿನುಗುತ್ತಿದ್ದ ಅವರ ಹಣೆ ನನಗೆ ಚೆನ್ನಾಗಿ ನೆನಪಿತ್ತು. ಕಣ್ಣೆದುರಿಗೆ ಇಂಥ ಸಾಕ್ಷಿ ಇರುವಾಗ ಇನ್ನೇನು ಕೇಳುವುದು? ಒಮ್ಮೆ ಮುಟ್ಟಿ ನೋಡಿದ್ದರೆ ಎಲ್ಲ ಅಲ್ಲೇ ಮುಗಿಯುತ್ತಿತ್ತು ಅಂತ ಈಗ ಅನ್ನಿಸುತ್ತದೆ. ಆದರೆ ನಮ್ಮಲ್ಲಿ ದೊಡ್ಡವರ ಕಾಲು ಮುಟ್ಟುತ್ತಾರೆ, ತಲೆ ಮುಟ್ಟುವುದಿಲ್ಲ. ಅದರಲ್ಲೂ ಅಕ್ಕನ ಗಂಡನ ತಲೆ.

ಆಸ್ಪತ್ರೆ ಎಂದರೆ ಒಂದು ಬಟ್ಟೆ ಅಂಗಡಿಯ ಮೇಲಿನ ಮಹಡಿ. ಡಾಕ್ಟರು ನನ್ನ ಹಣೆಯ ಮೇಲೆ ನೀಲಿ ಪೆನ್ನಿನಿಂದ ಒಂದು ಗೆರೆ ಎಳೆದು, "ಇಲ್ಲಿವರೆಗೆ ಬರುತ್ತೆ" ಅಂತ ಕನ್ನಡಿ ತೋರಿಸಿದರು. ಗೆರೆಯೊಂದೇ ನೋಡಿ ನನಗೆ ಐದು ವರ್ಷ ಕಡಿಮೆಯಾದಂತೆ ಅನ್ನಿಸಿತು. ಆ ಡಾಕ್ಟರು ಮತ್ತೆ ನನ್ನ ಕಣ್ಣಿಗೆ ಬೀಳಲಿಲ್ಲ. ಅಲ್ಲಿಯ ಸಹಾಯಕರೇ ತಲೆ ಪೂರ್ತಿ ಬೋಳಿಸಿದರು. ಸುತ್ತಲೂ ಮರಗಟ್ಟಿಸುವ ಸೂಜಿ ಚುಚ್ಚಿದರು. ಆ ಸೂಜಿಗಳ ನೋವು ಎಂಥದ್ದೆಂದರೆ, ಹಲ್ಲು ಕಚ್ಚಿ ಕಚ್ಚಿ ದವಡೆ ಎರಡು ದಿನ ನೋಯಿತು. ಆಮೇಲೆ ಬೋರಲು ಮಲಗಿಸಿ, ತಲೆಯ ಹಿಂಭಾಗದಿಂದ ಒಂದೊಂದೇ ಬೇರು ಕಿತ್ತು ತೆಗೆದರು. ನೋವಿರಲಿಲ್ಲ, ಸದ್ದಿತ್ತು. ಮಧ್ಯಾಹ್ನ ಚಿತ್ರಾನ್ನ ತಿನ್ನಿಸಿ, ಅಂಗಾತ ಮಲಗಿಸಿ, ಕಿತ್ತದ್ದನ್ನು ಮುಂದೆ ನೆಟ್ಟರು. ನೆಡುತ್ತಿದ್ದ ಮೂವರು ತಮ್ಮತಮ್ಮಲ್ಲೇ ಯಾರದೋ ಮದುವೆಯ ಸೀರೆಗಳ ಬಗ್ಗೆ ಮಾತಾಡುತ್ತಿದ್ದರು. ಭಾವ ಹೊರಗೆ ಬೆಂಚಿನ ಮೇಲೆ ಸಂಜೆಯವರೆಗೆ ಕಾದಿದ್ದರು. ನನ್ನ ಸ್ವಂತ ಅಣ್ಣನಾಗಿದ್ದರೂ ಅಷ್ಟು ಹೊತ್ತು ಕಾಯುತ್ತಿರಲಿಲ್ಲ ಅಂತ ಅಂದುಕೊಂಡೆ. ಆ ಕೃತಜ್ಞತೆ ನೆನಪಾದರೆ ಈಗ ಮೈ ಉರಿಯುತ್ತದೆ.

ಅಮ್ಮನಿಗೆ ವಿಷಯ ತಿಳಿಸಿರಲಿಲ್ಲ. ಬೋಳುತಲೆಗೆ ನೆಪ ಬೇಕಲ್ಲ? "ತಿರುಪತಿಗೆ ಹೋಗಿ ಮುಡಿ ಕೊಟ್ಟ ಅನ್ನೋಣ," ಅಂದವಳು ಅಕ್ಕ. ನಮ್ಮ ಕಡೆ ಗಂಡಸು ತಲೆ ಬೋಳಿಸಿಕೊಂಡರೆ ಎರಡೇ ಕಾರಣ, ಒಂದೋ ಮನೆಯಲ್ಲಿ ಸಾವು, ಇಲ್ಲವೇ ದೇವರ ಹರಕೆ. ಮೂರನೆಯದು ಯಾರ ಬುದ್ಧಿಗೂ ಹೊಳೆಯುವುದಿಲ್ಲ. ಹತ್ತು ದಿನ ಹೊನ್ನಾಳಿಯಲ್ಲಿ ಅಕ್ಕನ ಮನೆಯಲ್ಲೇ ಇದ್ದೆ. ಮೂರನೇ ದಿನಕ್ಕೆ ಹಣೆಯ ಬಾವು ಕಣ್ಣಿಗಿಳಿದು ಮುಖ ಇಡ್ಲಿಯ ಹಾಗಾಯಿತು. ಅಕ್ಕ ಗಂಟೆಗೊಮ್ಮೆ ಬಂದು ನೆಟ್ಟ ಕೂದಲಿಗೆ ಉಪ್ಪುನೀರು ಚಿಮುಕಿಸುತ್ತಿದ್ದಳು. ಚಿಮುಕಿಸುತ್ತಾ ಒಮ್ಮೆ ಸೆರಗಿನಿಂದ ಕಣ್ಣೊರೆಸಿಕೊಂಡಳು. "ಅಳ್ಬ್ಯಾಡ ಬಿಡೇ, ನೋವಿಲ್ಲ," ಅಂತ ನಾನೇ ಸಮಾಧಾನ ಹೇಳಿದೆ.

ಭಾವನ ಅಪ್ಪ, ನಾನು ಮಾವ ಅಂತ ಕರೆಯುತ್ತಿದ್ದ ಮುದುಕರು, ಜಗುಲಿಯಲ್ಲಿ ಕೂತು ನನ್ನನ್ನು ನೋಡಿ ತಮ್ಮ ನುಣ್ಣನೆಯ ತಲೆ ಸವರಿಕೊಂಡರು. "ನಂಗೇನ್ ಕಮ್ಮಿ ಆಗೈತೋ? ಎಣ್ಣೆ ಉಳೀತು, ಬಾಚಣಿಗೆ ಉಳೀತು. ನಿಮಗೆಲ್ಲಾ ಯಾಕೋ ಈ ಹುಚ್ಚು?" ಎಂದರು. ಆ ಮನೆಯಲ್ಲಿ ನನಗೆ ನಿಜ ಹೇಳಿದ್ದು ಅವರೊಬ್ಬರೇ.

ಊರಿಗೆ ಹೊರಟಾಗ ಹೊಸ ತಾಪತ್ರಯ ಎದುರಾಯಿತು. ತಿರುಪತಿಗೆ ಹೋದವನು ಲಡ್ಡು ತರದೆ ಬರುತ್ತಾನೆಯೇ? ಭಾವ ಹೊನ್ನಾಳಿಯ ಸ್ವೀಟ್ ಅಂಗಡಿಯಿಂದ ಬೂಂದಿ ಲಡ್ಡು ತಂದು, ಡಬ್ಬಿಯಿಂದ ತೆಗೆದು, ಬಿಳೀ ಕವರಿಗೆ ಹಾಕಿಕೊಟ್ಟರು. ಅಮ್ಮ ಅದನ್ನು ಕಣ್ಣಿಗೊತ್ತಿಕೊಂಡು, ದೇವರ ಮುಂದಿಟ್ಟು, ಬೀದಿಯ ಎಲ್ಲ ಮನೆಗೂ ಚಿಟಿಕೆ ಚಿಟಿಕೆ ಹಂಚಿದಳು. ಪಕ್ಕದ ಮನೆಯವರು ಅದನ್ನು ಬಾಯಿಗೆ ಹಾಕಿಕೊಳ್ಳುವ ಮುಂಚೆ ಚಪ್ಪಲಿ ಬಿಟ್ಟರು. ಮೂರು ದಿನ ನಾನು ಅಮ್ಮನ ಮುಖ ನೋಡಲಿಲ್ಲ.

ಮೂರು ವಾರಕ್ಕೆ ನೆಟ್ಟ ಕೂದಲೆಲ್ಲ ಉದುರಿತು. ಅದು ಉದುರಿಯೇ ಮತ್ತೆ ಹುಟ್ಟುವುದು ಅಂತ ಮೊದಲೇ ಹೇಳಿದ್ದರು. ಕಾದೆ. ನಾಲ್ಕು ತಿಂಗಳಿಗೆ ಅಲ್ಲೊಂದು ಇಲ್ಲೊಂದು ಎಳೆ ಎದ್ದಿತು. ಎಂಟು ತಿಂಗಳಿಗೂ ಅಷ್ಟೇ. ವರ್ಷ ಕಳೆಯಿತು. ಮುಂದೆ ಹುಟ್ಟಲಿಲ್ಲ, ಹಿಂದೆ ಕಿತ್ತ ಜಾಗ ಇಲಿ ಕಡಿದ ಗೋಣಿಚೀಲದಂತೆ ತೇಪೆ ತೇಪೆಯಾಗಿ ಕಾಣತೊಡಗಿತು. ಮೊದಲು ಬರೀ ಬೋಳನಾಗಿದ್ದೆ, ಈಗ ಕಲೆಗಳಿರುವ ಬೋಳ. ಟೋಪಿ ಹಾಕದೆ ಹೊರಗೆ ಕಾಲಿಡುವುದನ್ನು ಬಿಟ್ಟೆ. ಹೆಡ್‌ಮಾಸ್ತರರಿಗೆ ಸೈನಸ್ ತೊಂದರೆ ಅಂತ ಹೇಳಿ ಕ್ಲಾಸಿನಲ್ಲೂ ಟೋಪಿಯಲ್ಲೇ ಇರುತ್ತಿದ್ದೆ. ಆಸ್ಪತ್ರೆಗೆ ಹೋದರೆ, ಇನ್ನೊಂದು ಸಲ ನೆಡಬೇಕು ಎಂದರು. ಮತ್ತೊಮ್ಮೆ ಹೋದಾಗ ಅಲ್ಲಿ ಬೋರ್ಡೇ ಇರಲಿಲ್ಲ.

ಭಾವನಿಗೆ ಫೋನು ಮಾಡಿದಾಗಲೆಲ್ಲ ಒಂದೇ ಉತ್ತರ. "ತಡೀಬೇಕು ಮಾರಾಯಾ. ನಂದೂ ಒಂದೂವರೆ ವರ್ಷಕ್ಕೇ ಬಂದಿದ್ದು. ನೀ ಸರಿಯಾಗಿ ಉಣ್ಣಲ್ಲ, ನಿದ್ದಿಗೆಡ್ತೀಯ. ಬೇರು ಹೆಂಗೆ ಹಿಡೀತೈತೆ?" ನಾನು ನಂಬಿದೆ. ಕರಿಬೇವಿನ ರಸ ಕುಡಿದೆ, ಮೊಳಕೆಕಾಳು ತಿಂದೆ, ಒಂಬತ್ತಕ್ಕೇ ಮಲಗಿದೆ. ಅದೇ ಆಸ್ಪತ್ರೆ, ಅದೇ ಕೈಗಳು. ಭಾವನ ತಲೆಗೆ ಹತ್ತಿದ್ದು ನನ್ನ ತಲೆಗೆ ಹತ್ತಲಿಲ್ಲವೆಂದರೆ ತಪ್ಪು ನನ್ನ ಮೈಯದ್ದೇ ಅಲ್ಲವೇ? ಹೀಗೆ ನನ್ನನ್ನು ನಾನೇ ಬೈದುಕೊಂಡು ಎರಡು ವರ್ಷ ಕಳೆದೆ. ಆ ಎರಡು ವರ್ಷಗಳನ್ನು ಯಾರೂ ವಾಪಸ್ಸು ಕೊಡುವುದಿಲ್ಲ.

ಹಾಗಿರುವಾಗ ಮಾವ ತೀರಿಕೊಂಡರು. ಉಂಡು ಜಗುಲಿಯಲ್ಲಿ ಒರಗಿದವರು ಏಳಲಿಲ್ಲ.

ಹನ್ನೊಂದನೇ ದಿನ ಹೊಳೆಯ ದಂಡೆಯಲ್ಲಿ ಎಲ್ಲ ಸೇರಿದ್ದೆವು. ಅವರ ಮನೆತನದಲ್ಲಿ ಅಪ್ಪ ಸತ್ತರೆ ಮಗ ಅಂದು ತಲೆ ಬೋಳಿಸಿ, ಮುಳುಗು ಹಾಕಿ, ಪಿಂಡ ಇಡಬೇಕು. ಭಾವ ಒಬ್ಬನೇ ಮಗ. ಕ್ಷೌರದವರು ಕಲ್ಲಿನ ಮೇಲೆ ಬಟ್ಟೆ ಹಾಸಿ ಕೂತಿದ್ದರು. ಭಾವ ಮಾತ್ರ ನನ್ನ ತೋಳು ಹಿಡಿದು ದೂರಕ್ಕೆ ಕರೆದುಕೊಂಡು ಹೋದರು.

"ನೆಟ್ಟ ಕೂದ್ಲಿಗೆ ಕತ್ತಿ ತಾಗಿದ್ರೆ ಮತ್ತೆ ಬರಲ್ಲ ಅಂತ ಡಾಕ್ಟ್ರು ಹೇಳಾರೆ. ಇವ್ರಿಗೆ ಹೇಳಿದ್ರೆ ನಗ್ತಾರೆ. ನೀ ಓದಿದೋನು, ನೀನೊಂದು ಮಾತು ಹೇಳು. ನಿನ್ ಮಾತು ಕೇಳ್ತಾರೆ."

ಅಪ್ಪನನ್ನು ಕಳೆದುಕೊಂಡ ಮನುಷ್ಯ ಬೇಡಿಕೊಳ್ಳುತ್ತಿದ್ದಾನೆ. ನನ್ನ ತಲೆಯಂತೂ ಹಾಳಾಯಿತು, ಅವರದಾದರೂ ಉಳಿಯಲಿ ಅಂತ ಅನ್ನಿಸಿತು. ನಿಜಕ್ಕೂ ಹಾಗೇ ಅನ್ನಿಸಿತು.

ಭಾವನ ದೊಡ್ಡಪ್ಪ ಅಲ್ಲಿ ಹಿರಿಯರು. ಅವರ ಮುಂದೆ ನಿಂತು ಹೇಳಿದೆ. ಇದು ಆಪರೇಷನ್ ಮಾಡಿ ನೆಟ್ಟ ಕೂದಲು, ಕತ್ತಿ ತಾಗಿಸಬಾರದು ಅಂದೆ. ಅವರು ನಂಬಲಿಲ್ಲ. "ಕೂದ್ಲು ನೆಡಾಕೆ ಅದೇನು ಅಡಿಕೆ ಸಸೀನಾ?" ಅಂತ ಕೇಳಿದರು. ಸುತ್ತ ನಿಂತವರು ನಕ್ಕರು. ಆಗ ನಾನು ಟೋಪಿ ತೆಗೆದೆ. ಎರಡು ವರ್ಷ ಅಮ್ಮನಿಗೂ ಸರಿಯಾಗಿ ತೋರಿಸದಿದ್ದ ತಲೆಯನ್ನು ನೆಂಟರಿಷ್ಟರ ಮುಂದೆ ಬಗ್ಗಿಸಿ, ಹಿಂದಿನ ಕಲೆ, ಮುಂದಿನ ಬೀಳು ಎರಡನ್ನೂ ಬೆರಳಿಟ್ಟು ತೋರಿಸಿದೆ. "ನಾನೂ ಮಾಡಿಸೀನಿ. ನಂದು ಹತ್ತಲಿಲ್ಲ. ಅವ್ರದು ಹತ್ತೈತೆ. ಉಳಿಸ್ರಿ," ಅಂದೆ. ಹೆಂಗಸರ ಗುಂಪಿನಲ್ಲಿ ಅಮ್ಮ ಇದ್ದಳು. ತಿರುಪತಿ ಲಡ್ಡು ಎಲ್ಲಿಯದೆಂದು ಅವಳಿಗೆ ಅಲ್ಲೇ ತಿಳಿದುಹೋಯಿತು.

ದೊಡ್ಡಪ್ಪನ ಮನಸ್ಸು ಕರಗಿತು. "ಆತು ಬಿಡ್ರಿ, ಶಾಸ್ತ್ರಕ್ಕೆ ಮುಂದಿನ ನಾಲ್ಕು ಕೂದ್ಲು ಕತ್ರಿಲಿ ತೆಗೀರಿ," ಎಂದರು. ಭಾವ ಬೇಡ ಬೇಡ ಎನ್ನುತ್ತಲೇ ಇದ್ದರು. ಇಬ್ಬರು ಭುಜ ಅದುಮಿ ಕೂರಿಸಿದರು. ಕ್ಷೌರದವರು ಹೊಳೆಯ ನೀರು ಹನಿಸಿ, ಹಣೆಯ ಮೇಲಿನ ಸುರುಳಿಯನ್ನು ಬೆರಳ ನಡುವೆ ಹಿಡಿದರು. ಹಿಡಿದವರು ಹಾಗೇ ನಿಂತರು. ವಯಸ್ಸಾದ ಕೈ ಅದು, ಒಂದೇ ಮುಟ್ಟಿಗೆ ತಿಳಿದುಹೋಗಿತ್ತು.

"ಯಜಮಾನ್ರೇ," ಅಂದರು ಮೆಲ್ಲಗೆ, "ಇದು ಅಂಟಿಸಿದ್ದು ಐತೆ."

ನೀರಿಗೆ ಅಂಟು ಬಿಟ್ಟಿತ್ತು. ಅಂಚು ಎದ್ದಿತು. ಕೊನೆಗೆ ಭಾವನೇ ಎರಡೂ ಕೈಯಿಂದ ಅದನ್ನು ಬಿಡಿಸಿ ತೊಡೆಯ ಮೇಲಿಟ್ಟುಕೊಂಡರು. ಕೆಳಗೆ ನನ್ನದೇ ತಲೆ ಇತ್ತು. ಅದೇ ಬೀಳು ಮುಂಭಾಗ, ಹಿಂದೆ ಅದೇ ತೇಪೆಗಳು. ಈ ಸಲ ಯಾರೂ ನಗಲಿಲ್ಲ. ಕ್ಷೌರದವರು ಉಳಿದದ್ದನ್ನು ಬೋಳಿಸಿದರು. ಟೋಪಿ ಕೈಯಲ್ಲಿ ಹಿಡಿದುಕೊಂಡು ಅಷ್ಟು ಜನರ ನಡುವೆ ನಿಂತಿದ್ದವನು ನಾನೊಬ್ಬನೇ.

ಪಿಂಡ ಮುಗಿದ ಮೇಲೆ ಮೆಟ್ಟಿಲ ಹತ್ತಿರ ಅವರನ್ನು ಹಿಡಿದೆ. "ಯಾಕ್ ಭಾವಾ?" ಅಂದೆ.

"ನಿಮ್ಮಕ್ಕನ್ನ ಕೇಳು," ಎಂದು ಒದ್ದೆ ಪಂಚೆಯಲ್ಲೇ ನಡೆದುಬಿಟ್ಟರು.

ಅಕ್ಕ ಮನೆಯ ಹಿತ್ತಲಲ್ಲಿ ಊಟದೆಲೆ ತೊಳೆಯುತ್ತಿದ್ದಳು. ನಾನು ಕೇಳುವ ಮುಂಚೆಯೇ ಅವಳಿಗೆ ತಿಳಿದಿತ್ತು. ವಾರಕ್ಕೊಮ್ಮೆ ಆ ಕೂದಲನ್ನು ಶಾಂಪೂ ಹಾಕಿ ತೊಳೆದು ಒಣಗಿಸುತ್ತಿದ್ದವಳು ಅವಳೇ. ಭಾವನ ಆಪರೇಷನ್ ಕೆಟ್ಟಿದ್ದು, ಬೆಂಗಳೂರಿನಿಂದ ಇದನ್ನು ತಂದಿದ್ದು, ಯಾರಿಗೂ ಹೇಳಬಾರದು ಅಂತ ಮಕ್ಕಳ ಮೇಲೆ ಆಣೆ ಹಾಕಿಸಿದ್ದು, ಎಲ್ಲ ಹೇಳಿದಳು. ಗಂಡನ ಮಾನದ ಮಾತು, ಅದಕ್ಕೇ ಅವಳು ಹೇಳಿರಲಿಲ್ಲ, ಅದು ನನಗೆ ಅರ್ಥವಾಗುತ್ತದೆ.

"ಅವ್ರ ಗುಟ್ಟು ಹೇಳ್ಬ್ಯಾಡ. ನನ್ನ ಹೋಗ್ಬ್ಯಾಡ ಅನ್ನಬೋದಿತ್ತಲ್ಲಕ್ಕಾ," ಅಂದೆ.

ಅವಳು ಎಲೆಯ ಮೇಲಿನ ನೀರು ಕೊಡವುತ್ತಲೇ ಇದ್ದಳು. ಆಮೇಲೆ ಹೇಳಿದಳು. "ಅಲ್ಲಿ ಹೊಸ ಡಾಕ್ಟ್ರು ಬಂದಾರೆ, ಈಗ ಚಲೋ ಮಾಡ್ತಾರಂತೆ ಅಂತ ಇವ್ರಿಗೆ ಯಾರೋ ಹೇಳಿದ್ರು. ಮತ್ತೊಂದ್ಸಲ ಮಾಡಿಸ್ಕೊಳಾಕೆ ಇವ್ರಿಗೆ ಹೆದರಿಕೆ. ನಿಂಗೆ ಹತ್ತಿದ್ರೆ ತಾವೂ ಹೋಗಬೇಕು ಅಂತಿದ್ರು."

"ಹತ್ತದಿದ್ರೆ?"

"ಅದ್ನೂ ನಾವಿಬ್ರೂ ಕೂತು ಮಾತಾಡಿದ್ವಿ ಕಣೋ. ನೀ ಇನ್ನೂ ಚಿಕ್ಕೋನು, ಕೆಟ್ರೂ ತಡ್ಕೊಂತೀಯ ಅನ್ನಿಸ್ತು."

ಅಪ್ಪ ಸತ್ತಾಗ ನನ್ನನ್ನು ಸೊಂಟದ ಮೇಲೆ ಹೊತ್ತುಕೊಂಡು ತಿರುಗಿದವಳು ಹೇಳಿದ ಮಾತು ಇದು. ಭಾವನನ್ನು ನಾನು ಎಂದಾದರೂ ಕ್ಷಮಿಸಿಯೇನು, ಅವರು ಮದುವೆಯಿಂದ ನೆಂಟರಾದವರು. ಇವಳಿಗೆ ಏನು ಹೇಳಬೇಕೆಂದು ನನಗೆ ಇವತ್ತಿಗೂ ತಿಳಿದಿಲ್ಲ.

ಆಗಲೇ ಹೊರಟುಬಿಡುತ್ತಿದ್ದೆ. ಆದರೆ ತಿಥಿಯ ಊಟ ಬಿಟ್ಟು ಎದ್ದರೆ ಸತ್ತವರಿಗೆ ಒಳಿತಾಗುವುದಿಲ್ಲ ಅನ್ನುತ್ತಾರೆ, ಮಾವ ನನಗೆ ಯಾವ ಕೆಡುಕೂ ಮಾಡಿದವರಲ್ಲ. ಪಂಕ್ತಿಯಲ್ಲಿ ಬರಿದಲೆಯಲ್ಲೇ ಕೂತೆ. ಹೋಳಿಗೆ ಬಡಿಸುತ್ತಾ ಅಕ್ಕ ಬಂದಳು, ನನ್ನ ಮುಂದೆ ನಿಂತು ಇನ್ನೊಂದು ಹಾಕಲು ಬಗ್ಗಿದಳು. ಎಲೆಯ ಮೇಲೆ ಕೈ ಅಡ್ಡ ಹಿಡಿದು "ಸಾಕು" ಅಂದೆ. ಅವಳ ಜೊತೆ ನಾನು ಆಡಿದ ಕೊನೆಯ ಮಾತು ಅದು.