ಮಹಾದೇವಿಯವರ ಮೇಲೆ ನಾನು ಬರೆದ ವರದಿ

ನಿವೃತ್ತಿಗೆ ಮೂರು ವರ್ಷ ಬಾಕಿ ಇದ್ದಾಗ ನಾನು ನವಲಗುಂದದ ಒಂದು ಹತ್ತಿ ಖರೀದಿ ಸಂಸ್ಥೆಯಲ್ಲಿ ಸಿಸ್ಟಂ ಎಂಜಿನಿಯರ್ ಆಗಿದ್ದೆ. ಸುತ್ತಲಿನ ಆರು ಕೇಂದ್ರಗಳ ಕಂಪ್ಯೂಟರ್‌ಗಳು ನಮ್ಮ ಕಚೇರಿಯ ಒಂದೇ ಸರ್ವರ್‌ಗೆ ಜೋಡಣೆಯಾಗಿದ್ದವು. ಹಳೆಯ ಟರ್ಮಿನಲ್‌ನ ಪರದೆಯನ್ನು ಹೊಸ ಕಂಪ್ಯೂಟರ್‌ನಲ್ಲಿ ತೋರಿಸುವ ಟರ್ಮಿನಲ್ ಎಮ್ಯುಲೇಶನ್ ತಂತ್ರಾಂಶ ಅದರಲ್ಲಿತ್ತು. ಅದಕ್ಕೆ ಹೊಸದಾಗಿ ಕನ್ನಡ ಕೂಡಿಸಿದವನು ನಾನೇ.

ಆ ವರ್ಷ ಹತ್ತಿ ಬರುವ ಹೊತ್ತಿಗೆ ಸರ್ವರ್ ದಿನಕ್ಕೆ ಎರಡು ಮೂರು ಸಲ ಕ್ರ್ಯಾಶ್ ಆಗತೊಡಗಿತು. ಆರೂ ಕಡೆ ತೂಕದ ಚೀಟಿ ನಿಂತು, ಟ್ರ್ಯಾಕ್ಟರ್‌ಗಳು ರಸ್ತೆಯವರೆಗೆ ಸಾಲುಗಟ್ಟುತ್ತಿದ್ದವು. ಸರ್ವರ್ ತಾನೇ ಬರೆದಿಟ್ಟುಕೊಳ್ಳುವ ಲಾಗ್ ತೆಗೆದು ನೋಡಿದರೆ ಪ್ರತಿ ಸಲವೂ ಕೊನೆಯ ನಮೂದು ತಿರ್ಲಾಪುರ ಕೇಂದ್ರದ ಆಪರೇಟರ್ ಮಹಾದೇವಿಯವರದು. ಫೋನ್ ಮಾಡಿ ಗದರಿದೆ.

"ನಾ ಹೆಸರಷ್ಟ ಹೊಡಿತೀನ್ರಿ ಸರ್. ಬ್ಯಾರೆ ಏನೂ ಮುಟ್ಟಂಗಿಲ್ರಿ. ಒಮ್ಮೆ ಬಂದು ನೋಡ್ರಿ," ಎಂದರು.

ನಾನು ಹೋಗಲಿಲ್ಲ. 'ಆಪರೇಟರ್‌ನ ಅಜಾಗರೂಕತೆ' ಎಂದು ವರದಿ ಬರೆದೆ. ಅವರನ್ನು ಕಂಪ್ಯೂಟರ್‌ನಿಂದ ತೆಗೆದು ಗೋದಾಮಿಗೆ ಹಾಕಿದರು. ಕ್ರ್ಯಾಶ್ ನಿಂತಿತು. ನಾನು ಹೇಳಿದ್ದೇ ನಿಜವಾಯಿತೆಂದು ನಾಲ್ಕು ಜನರೆದುರು ಹೇಳಿಕೊಂಡೆ.

ಎರಡು ತಿಂಗಳ ಮೇಲೆ ಒಂದು ನಮೂದು ತಿದ್ದುತ್ತ, ರೈತರೊಬ್ಬರ ಹೆಸರು, ತಂದೆಯ ಹೆಸರು, ಅಡ್ಡಹೆಸರು, ಊರು ಎಲ್ಲವನ್ನೂ ಪೂರ್ತಿ ಟೈಪ್ ಮಾಡಿದೆ. ಎಂಟರ್ ಒತ್ತಿದ್ದೇ ತಡ, ಸರ್ವರ್ ಬಿತ್ತು.

ಟೈಪ್ ಮಾಡಿದ ಅಕ್ಷರಗಳು ಮೊದಲು ಹೋಗಿ ಕೂರುವ ಮೆಮೊರಿಯ ಜಾಗಕ್ಕೆ ಬಫರ್ ಎನ್ನುತ್ತಾರೆ. ಅದಕ್ಕೆ ನಾನು 128 ಬೈಟ್ ಇಟ್ಟಿದ್ದೆ. ಇಂಗ್ಲಿಷ್ ಅಕ್ಷರಕ್ಕೆ ಒಂದು ಬೈಟ್ ಸಾಕು. ಕನ್ನಡದ 'ಕ'ಕ್ಕೆ ಮೂರು ಬೇಕು, 'ಕ್ಕ'ಕ್ಕೆ ಒಂಬತ್ತು. ಆ ಲೆಕ್ಕವನ್ನೇ ನಾನು ಮಾಡಿರಲಿಲ್ಲ. ಉದ್ದನೆಯ ಹೆಸರು ಬಫರ್ ತುಂಬಿ ಆಚೆ ಚೆಲ್ಲಿದಾಗ ಸರ್ವರ್ ಬೀಳುತ್ತಿತ್ತು. ಉಳಿದ ಕೇಂದ್ರದವರೂ ಮಹಾದೇವಿಯವರ ಜಾಗಕ್ಕೆ ಬಂದವರೂ ಹೆಸರು ಮೊಟಕು ಮಾಡುತ್ತಿದ್ದರು. ನಿಯಮದಂತೆ ಪೂರ್ತಿ ಬರೆಯುತ್ತಿದ್ದವರು ಮಹಾದೇವಿ ಒಬ್ಬರೇ.

ಮರುದಿನ ತಿರ್ಲಾಪುರಕ್ಕೆ ಹೋದೆ. ತಪ್ಪು ನನ್ನದೆಂದು ಹೇಳುವಾಗ ಅವರ ಮುಖ ನೋಡಲಾಗಲಿಲ್ಲ.

"ನಂದ ತಪ್ಪಂತ ನಾನೂ ನಂಬಿಬಿಟ್ಟಿದ್ದೆ ಸರ್. ಮನ್ಯಾಗ ಮಗಳ ಮೊಬೈಲ್ ಸೈತ ಮುಟ್ಟಾಕ ಅಂಜತಿದ್ದೆ," ಎಂದರು. ಮತ್ತೆ ಹೇಳಿದರು: "ನನ್ನ ಮುಂದಷ್ಟ ಹೇಳಿದ್ರ ಸಾಲಂಗಿಲ್ರಿ. ಅವತ್ತ ಯಾರಿಗೆ ಬರದ ಕೊಟ್ರಿ, ಇದನ್ನೂ ಅವ್ರಿಗೇ ಬರದ ಕೊಡ್ರಿ."

ಬಫರ್ ದೊಡ್ಡದು ಮಾಡಿ, ಮಿತಿ ಮೀರಿದರೆ ತಡೆಯುವ ತಪಾಸಣೆ ಸೇರಿಸಲು ಒಂದು ತಾಸು ಹಿಡಿಯಿತು. ಎರಡನೆಯ ವರದಿಗೆ ಮೂರು ದಿನ ಬೇಕಾಯಿತು. ಮೊದಲ ಕರಡಿನಲ್ಲಿ 'ತಾಂತ್ರಿಕ ದೋಷ' ಎಂದು ಬರೆದಿದ್ದೆ. ಅದನ್ನು ಹೊಡೆದು ಹಾಕಿ ಆ ಜಾಗದಲ್ಲಿ ನನ್ನ ಹೆಸರು ಬರೆದೆ.

ಯಂತ್ರ ಕೆಟ್ಟಾಗ ಇನ್ನೊಬ್ಬರ ಹೆಸರೆತ್ತುವ ಮುಂಚೆ ನಾನು ಬರೆದ ಸಾಲುಗಳನ್ನು ಓದಬೇಕೆಂಬುದನ್ನು ಕೆಲಸ ನನಗೆ ಅಷ್ಟು ತಡವಾಗಿ ಕಲಿಸಿತು. ಮಹಾದೇವಿ ಮರಳಿ ಕಂಪ್ಯೂಟರ್‌ಗೆ ಬಂದ ದಿನ ಪಕ್ಕದಲ್ಲಿ ನಿಂತು ನೋಡಿದೆ. ಹೆಸರನ್ನು ಪೂರ್ತಿಯಾಗಿಯೇ ಬರೆದರು. ಆದರೆ ಎಂಟರ್ ಒತ್ತುವ ಮುಂಚೆ ಪ್ರತಿ ಸಲವೂ ಅವರ ಬೆರಳು ತಡೆದು ನಿಲ್ಲುತ್ತಿತ್ತು.